ನೀರಕ್ಕನಿಗೆ ಅವಸರವಿಲ್ಲ

ಫೆಬ್ರವರಿ 11, 2008

ಇವತ್ತೂ ಅದೇ ಮೂಲೆ, ಅದೇ ಮರದ ಕುರ್ಚಿ. ಬೆಳುವಾಯಿಯಿಂದ ಬಸ್ಸು, ಮೂಡಬಿದಿರೆಯಲ್ಲಿ ಇಳಿದು ಕ್ಲಿನಿಕ್. ಕೆಲಸ — ನೋಡುವುದು, ಬರೆಯುವುದು, ಬಾಯಿ ಮುಚ್ಚಿಕೊಂಡಿರುವುದು. ನಲವತ್ತೈದು ವರ್ಷದಲ್ಲಿ ಮೂರನೆಯದಕ್ಕೆ ಸಂಬಳ ಸಿಕ್ಕಿದ್ದು ಇದೇ ಮೊದಲು.

ರೋಬೋಟ್ ಬಂದು ವಾರವಾಯಿತು. ಸೊಂಟದೆತ್ತರ, ಬಿಳಿ ಬಣ್ಣ, ಕೆಳಗೆ ಚಕ್ರ, ಮುಂದೆ ಟ್ರೇ, ಟ್ರೇಯಲ್ಲಿ ನೀರಿನ ಲೋಟ. ಕಾಯುತ್ತ ಕುಳಿತವರ ಎದುರು ನಿಂತು ‘ನಮಸ್ಕಾರ. ನೀರು ಬೇಕೇ?’ ಅನ್ನುತ್ತದೆ. ಯಾವ ಸದ್ದು ಕೇಳಿದರೂ ‘ಸಂತೋಷ’ ಅನ್ನುತ್ತದೆ. ಆಗ ಜನ ಏನು ಮಾಡುತ್ತಾರೆ — ಅದೇ ಅಧ್ಯಯನ. ಇಂಜಿನಿಯರಿಂಗ್ ಕಾಲೇಜಿನ ಶಶಿಕಿರಣರ ಪ್ರಾಜೆಕ್ಟ್. “ನೀವು ಗೋಡೆ ಅಂತ ತಿಳ್ಕೊಳ್ಳಿ ರಾಜೀವಿ ಮೇಡಂ” ಅಂದಿದ್ದಾರೆ. ಬಿ.ಎ. ಓದಿದ ಗೋಡೆ.

ಅದರ ಧ್ವನಿ ನನ್ನದು. ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವಳ ಕನ್ನಡ ಸ್ಪಷ್ಟ ಉಂಟು ಅಂತ ಯಾರೋ ಹೇಳಿದ್ದಂತೆ. ರೆಕಾರ್ಡಿಂಗ್ ದಿನ ಕೊನೆಗೆ ಕೇಳಿದರು — ಯಾರೂ ಉತ್ತರ ಕೊಡದಿದ್ದರೆ ಅದು ಏನು ಹೇಳಬೇಕು? ತೋಚಿದ್ದು ಹೇಳಿದೆ. ‘ನಿಧಾನ. ನನಗೇನೂ ಅವಸರವಿಲ್ಲ.’

ಮಧ್ಯಾಹ್ನ ಫ್ಯಾನಿನ ಕೆಳಗೆ ಕಣ್ಣು ಎಳೆಯುತ್ತದೆ. ನನ್ನದೇ ಧ್ವನಿ ನನ್ನನ್ನು ಕುರ್ಚಿಯಲ್ಲಿ ಬಿಟ್ಟು, ಎದ್ದು ಹೋಗಿ, ನೀರು ಹಂಚುತ್ತಿದೆ. ನಾನು ಇಲ್ಲಿದ್ದೇನೆ ಅಂತ ಅದಕ್ಕೆ ಗೊತ್ತೇ ಇಲ್ಲ…

ಫೆಬ್ರವರಿ 14

ಲೋಟ ತುಂಬಿಸುವುದು ಕಂಪೌಂಡರ್ ತುಕ್ರಪ್ಪ. ಇವತ್ತು ಲೋಟದ ಪಕ್ಕ ಒಂದು ತುಂಡು ಬೆಲ್ಲ.

“ಎಂತದು ತುಕ್ರಪ್ಪಣ್ಣ ಇದು?” ಡಾಕ್ಟರ್ ಶಿಫಾನಾ ನಕ್ಕರು. ಪಾರ್ಶ್ವವಾಯು ಬಡಿದವರಿಗೆ ಮತ್ತೆ ಮಾತು ಕಲಿಸುವವರು ಅವರು.

“ಬಂದವರಿಗೆ ಬರೇ ನೀರು ಕೊಡುವುದಾ ಡಾಕ್ಟ್ರೇ? ಇದು ನಮ್ಮೆಲ್ಲರ ಮರ್ಯಾದೆ ತೆಗೀತದೆ.”

“ಶುಗರ್ ಇರುವವರು?”

“ಅವರು ನೋಡಿ ಖುಷಿಪಡ್ಲಿ.”

ಶಶಿಕಿರಣರಿಗೆ ಫೋನ್ ಮಾಡಿದೆ. ಕುಣಿದಾಡಿದರು. “ತಡೆಯಬೇಡಿ ಮೇಡಂ! ಬಂಟ್ವಾಳದ ಅಂಗಡಿಯಲ್ಲಿ ಇಟ್ಟಾಗ ಜನ ತಲೆಗೆ ತಟ್ಟಿ ಹೋದರು, ಅಷ್ಟೇ. ಇದು ನ್ಯಾಚುರಲ್ ಬಿಹೇವಿಯರ್. ಬರ್ಕೊಳ್ಳಿ.”

ಬರೆದುಕೊಂಡೆ. ಸಂಜೆಯೊಳಗೆ ಅದಕ್ಕೆ ಹೆಸರೂ ಬಿತ್ತು — ನೀರಕ್ಕ.

ಫೆಬ್ರವರಿ 25

ತೋಡಾರಿನ ಇಬ್ರಾಹಿಂ ಖಲೀಲ್, ಜವಳಿ ವ್ಯಾಪಾರಿ. ಸ್ಟ್ರೋಕ್ ಆಗಿ ನಾಲ್ಕು ತಿಂಗಳು. ಕಾಲು ಸರಿಯಾಗಿದೆ, ಮಾತಿಲ್ಲ. ಹೆಂಡತಿ ನಫೀಸಮ್ಮ ಕರೆತರುತ್ತಾರೆ.

“ಗಂಟಲಲ್ಲಿ ಎಂತದೂ ತೊಂದರೆ ಇಲ್ಲ ನಫೀಸಮ್ಮ. ಆದರೆ ಹೀಗೇ ಸುಮ್ಮನೆ ಕೂತರೆ ಇರುವ ಮಾತೂ ಹೋಗ್ತದೆ” ಅಂದರು ಶಿಫಾನಾ.

ನಫೀಸಮ್ಮ ಸೆರಗಿನ ತುದಿ ತಿರುಚುತ್ತಾ ಕುಳಿತರು. ನೀರಕ್ಕ ಖಲೀಲರ ಎದುರು ನಿಂತಳು. ನೀರು ಬೇಕೇ? ಅವರು ಗೋಡೆ ನೋಡಿದರು. ಅಂದರೆ ನನ್ನನ್ನು.

‘ನಿಧಾನ. ನನಗೇನೂ ಅವಸರವಿಲ್ಲ.’

ತಿರುಗಿ ಅವಳನ್ನೇ ನೋಡಿದರು. ಬಹಳ ಹೊತ್ತು.

ಮಾರ್ಚ್ 10

“ನೀ… ರು.”

ಖಲೀಲರ ಮೊದಲ ಮಾತು. ಮನೆಮಾತು ಬ್ಯಾರಿಯಲ್ಲಲ್ಲ, ಶಾಲೆಯ ಕನ್ನಡದಲ್ಲಿ, ಒಂದನೇ ಕ್ಲಾಸಿನ ಮಗುವಿನ ಹಾಗೆ. ನೀರಕ್ಕ ‘ಸಂತೋಷ’ ಅಂದಳು. ಖಲೀಲ್ ನೀರು ಕುಡಿದರು, ಬೆಲ್ಲ ಕಚ್ಚಿದರು. ನಫೀಸಮ್ಮ ಬಾಗಿಲ ಹೊರಗೆ ಹೋಗಿ ನಿಂತರು, ಬೆನ್ನು ಅಲುಗುತ್ತಿತ್ತು.

ಗೋಡೆಗೂ ಕಣ್ಣು ಒದ್ದೆ. ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಮಾರ್ಚ್ 27

“ನೀರಕ್ಕ, ಊಟ… ಆಯ್ತಾ?” ಖಲೀಲ್ ಕೇಳಿದರು.

‘ಸಂತೋಷ.’

ಇಡೀ ಹಾಲ್ ನಕ್ಕಿತು. ಖಲೀಲರೂ ನಕ್ಕರು. ಬಸ್ ಸ್ಟ್ಯಾಂಡಿನಲ್ಲಿ ನಫೀಸಮ್ಮ ಸಿಕ್ಕಿದರು, ನನ್ನ ಪಕ್ಕ ಚೀಲ ಇಟ್ಟು ಕುಳಿತರು.

“ಬರೆಯುವ ಅಕ್ಕನಲ್ವಾ ನೀವು? ಮನೆಯಲ್ಲಿ ಇವರು ಬಾಯಿ ಬಿಡುವುದಿಲ್ಲ ಮಾರಾಯ್ರೆ. ಒಂದು ಶಬ್ದ ತಪ್ಪಿದರೆ ನಾವೆಲ್ಲ ಒಟ್ಟಿಗೆ ಸರಿ ಮಾಡ್ತೇವೆ. ನಾನು, ಮಗಳು, ಅಳಿಯ… ಮತ್ತೆ ಇವರು ಎದ್ದು ಹೋಗ್ತಾರೆ. ಇವರು ಮೊದಲು ಹೇಗೆ ಮಾತಾಡ್ತಿದ್ದರು ಅಂತ ಆ ಗೊಂಬೆಗೆ ಗೊತ್ತಿಲ್ಲ ನೋಡಿ. ಅದಕ್ಕೇ ಅದರ ಎದುರು ಇವರಿಗೆ ನಾಚಿಕೆ ಇಲ್ಲ.”

ತಲೆಯಾಡಿಸಿದೆ. ಆ ಗೊಂಬೆ ನಾನೇ ಅನ್ನಬೇಕಿತ್ತೇ? ಬಾಯಿ ತೆರೆಯಬಾರದೆಂದಿದ್ದಾರೆ. ತೆರೆದರೆ ಅಧ್ಯಯನ ಹಾಳು, ಬಹುಶಃ ಖಲೀಲರ ಮಾತೂ.

ಏಪ್ರಿಲ್ 17

ಹುಷಾರಿಲ್ಲದೆ ಮಲಗಿದ್ದೆ, ಇವತ್ತೇ ಬಂದದ್ದು. ಜ್ವರದಲ್ಲಿ ಒಂದೇ ಕನಸು — ನಾನು ಚಕ್ರದ ಮೇಲೆ, ಕೈಯಲ್ಲಿ ಲೋಟ, ಬೆಳುವಾಯಿಯ ಗದ್ದೆಯ ಬದುವಿನಲ್ಲಿ ಸದ್ದಿಲ್ಲದೆ ಜಾರುತ್ತ…

ಬಂದು ನೋಡಿದರೆ ಟ್ರೇಯಿಂದ ಹೊಟ್ಟೆಯವರೆಗೆ ಕೆಂಪು ಗೆರೆ. ಕೂತಲ್ಲೇ ಎರಡು ಸಾಲು ಹೊಸೆದೆ.

ಬಿಂದಿಗೆಗೆ ಚಕ್ರ, ಬೆಲ್ಲದ ಸವಾರಿ,
ಹಿಂದಿಂದೆ ಇರುವೆಯ ದಿಬ್ಬಣದ ದಾರಿ.

ಪ್ರಾಸ ಚೆನ್ನಾಗಿದೆ, ಲಕ್ಷಣ ಚೆನ್ನಾಗಿಲ್ಲ. ಶಶಿಕಿರಣರಿಗೆ ಹೇಳಿದೆ. “ಇರುವೆ ಕೂಡ ನ್ಯಾಚುರಲ್ ಅಲ್ವಾ ಮೇಡಂ” ಅಂತ ನಕ್ಕರು. ಸೋಮವಾರ ಬಂದು ಬಿಚ್ಚಿ ನೋಡುತ್ತಾರಂತೆ.

ಏಪ್ರಿಲ್ 21

ಅವರು ಬರುವ ಮೊದಲೇ ಆಯಿತು. ನೀರಕ್ಕ ಖಲೀಲರ ಎದುರು ನಿಂತು ‘ನಮ… ನಮ… ನಮ…’ ಅನ್ನತೊಡಗಿದಳು. ಮುಂದಕ್ಕೆ ಹೋಗುವುದಿಲ್ಲ. ನನ್ನ ಧ್ವನಿ, ನನ್ನ ಕಣ್ಣೆದುರೇ, ತೊದಲುತ್ತಿದೆ. ತುಕ್ರಪ್ಪ ಓಡಿ ಬಂದು ಅವಳ ಸ್ವಿಚ್ ಹುಡುಕತೊಡಗಿದ.

ಖಲೀಲ್ ಮುಂದೆ ಬಾಗಿ ಅವಳ ಟ್ರೇ ಮೇಲೆ ಕೈ ಇಟ್ಟರು.

“ನಿಧಾನ. ನನಗೆ… ಏನೂ… ಅವಸರ ಇಲ್ಲ.”

ಶಿಫಾನಾ ಬಾಗಿಲಲ್ಲೇ ನಿಂತುಬಿಟ್ಟರು. ಇಷ್ಟು ದಿನಗಳಲ್ಲಿ ಖಲೀಲ್ ಆಡಿದ ಅತಿ ಉದ್ದದ ಮಾತು. ನೀರಕ್ಕ ‘ಸಂತೋಷ’ ಅನ್ನಲಿಲ್ಲ. ಇನ್ನೊಂದು ಸಲ ‘ನಮ…’ ಅಂದು ಕೆಟ್ಟು ನಿಂತಳು.

ಸಂಜೆ ಜೀಪಿನಲ್ಲಿ ಮಲಗಿಸಿ ಒಯ್ದರು. ಹೊಟ್ಟೆ ತುಂಬ ಇರುವೆ.

ಏಪ್ರಿಲ್ 24

ರಿಪೇರಿ ಆಗುತ್ತದಂತೆ. ಇಲ್ಲಿಗೆ ಬರುವುದಿಲ್ಲ. ಇನ್ನು ಬೆಳ್ತಂಗಡಿಯಲ್ಲಿ, ಒಂದು ಲೈಬ್ರರಿಯಲ್ಲಿ. ಅಲ್ಲಿ ಇರುವೆ ಕಡಿಮೆ ಅಂತ ಲೆಕ್ಕಾಚಾರವೋ ಏನೋ. “ನಿಮ್ಮ ಕೆಲಸ ಮುಗೀತು ಮೇಡಂ, ತುಂಬಾ ಥ್ಯಾಂಕ್ಸ್.”

ಖಲೀಲ್ ಬಂದಿದ್ದರು. ಖಾಲಿ ಜಾಗ ನೋಡಿದರು. ಶಿಫಾನಾ ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ. ಹೋಗುವಾಗ ನಫೀಸಮ್ಮ ನನ್ನನ್ನು ನೋಡಿದರು. ನಾನು ಗೋಡೆಯಾಗಿಯೇ ಇದ್ದೆ. ಅಭ್ಯಾಸ.

ಏಪ್ರಿಲ್ 28, ಬೆಳಿಗ್ಗೆ

ಚಾರ್ಜರ್ ಇಲ್ಲೇ ಉಳಿದಿತ್ತು. ಒಯ್ಯಲು ಕಾಲೇಜಿನಿಂದ ಯಾರೋ ಬರುತ್ತಾರೆ, ಕಾಯುತ್ತಿದ್ದೇನೆ. ವರದಿಯ ಹಾಳೆಗಳಿಲ್ಲ, ಈ ಡೈರಿಯೊಂದೇ. ಕಿಟಕಿಯ ಬಿಸಿಲು ಅವಳು ನಿಲ್ಲುತ್ತಿದ್ದ ಕಡೆ ಚೌಕವಾಗಿ ಬಿದ್ದಿದೆ.

ಖಲೀಲ್ ಬಂದರು. ಅದೇ ಬೆಂಚು. ಕಣ್ಣು ಆ ಬಿಸಿಲ ಮೇಲೆ.

ಎದ್ದೆ. ಕುರ್ಚಿ ಕಿರುಗುಟ್ಟಿತು, ಗೋಡೆಗೆ ಕಾಲು ಬಂದ ಹಾಗೆ. ಬಿಸಿಲಿನಲ್ಲಿ ನಿಂತೆ.

“ನಮಸ್ಕಾರ. ನೀರು ಬೇಕೇ?”

ಅವರ ಮುಖ ಥಟ್ಟನೆ ಮೇಲಕ್ಕೆ. ನನ್ನ ಕಾಲು ನೋಡಿದರು. ಚಕ್ರ ಹುಡುಕಿದರೋ ಏನೋ. ತುಟಿ ಅಲುಗಿತು. “ಬೆ…”

“ನೀರು ಅನ್ನಿ, ನೀ—” ನಫೀಸಮ್ಮ ಬಾಯಿ ಹಾಕಿದರು. ಬೇಡ ಅಂತ ಕೈ ತೋರಿಸಿದೆ.

“ನಿಧಾನ. ನನಗೇನೂ ಅವಸರವಿಲ್ಲ.”

ಹೇಳಿ ಬಂದು ಕುಳಿತಿದ್ದೇನೆ. ನೋಡಿದರೆ ನಾಚಿಕೊಂಡಾರು ಅಂತ ತಲೆ ಬಗ್ಗಿಸಿ ಇದನ್ನು ಬರೆಯುತ್ತಿದ್ದೇನೆ. ಫ್ಯಾನ್ ತಿರುಗುತ್ತಿದೆ. ನಫೀಸಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಾರೆ. ಬಹಳ ಹೊತ್ತಾಯಿತು… ಈಗ ಮತ್ತೆ “ಬೆ…” ಅಂದರು. “ಬೆಲ್ಲ… ಎಲ್ಲಿ… ಅಕ್ಕ?”

ತುಕ್ರಪ್ಪ ಡಬ್ಬಿ ಎಲ್ಲಿಟ್ಟನೋ, ಈಗ ಹೋಗಿ ತರಬೇಕು, ಉಳಿದದ್ದು ಆಮೇಲೆ.