ಒಂದೇ ಕಣಗಲೆ

ಚಿಕ್ಕಯ್ಯನಛತ್ರ
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಇಂದ್ರಾಣಿಗೆ ನಿನ್ನ ಓರಗಿತ್ತಿ ಮಾಡುವ ಆಶೀರ್ವಾದಗಳು.

ಫೋನಿದ್ದೂ ಕಾಗದ ಬರೆಯುವ ಇವಳಿಗೇನು ಬಂತು ಅಂದುಕೊಳ್ಳಬೇಡ. ಫೋನಿನಲ್ಲಿ ಈ ಮಾತು ತೆಗೆದಾಗಲೆಲ್ಲ ನೀನು ನರಸೀಪುರದ ಮಳೆಯ ಸುದ್ದಿಗೆ ಹಾರುತ್ತೀಯ. ಕಾಗದವನ್ನಾದರೆ ಮಡಚಿಟ್ಟು, ಮನಸ್ಸಾದಾಗ ಓದಬಹುದು.

ನಮ್ಮೂರ ಸ್ಮಶಾನವನ್ನು ಈಗ ನೋಡಬೇಕು ಕಣೇ. ತಾಂಡ್ಯದ ಫ್ಯಾಕ್ಟರಿಗೆ ಹೋಗುವ ನಾಗೇಂದ್ರ ಮತ್ತು ಅವನ ಗೆಳೆಯರು ಭಾನುವಾರಗಳಲ್ಲಿ ಮಚ್ಚು ಹಿಡಿದು ಲಂಟಾನ, ಜಾಲಿಯನ್ನೆಲ್ಲ ಸವರಿದ್ದಾರೆ. ಹೆಣ ಹೊತ್ತವರೇ ದಾರಿ ಕಾಣದೆ ತಡವರಿಸುತ್ತಿದ್ದ ಜಾಗದಲ್ಲಿ ಬೇವಿನ ನೆರಳು, ಅಂಚಿಗೆಲ್ಲ ತಂಗಡಿ ಹೂವು. ಕಲ್ಲುಗಳನ್ನು ತೊಳೆದು ಸುಣ್ಣ ಬಳಿದಿದ್ದಾರೆ. ನಮ್ಮ ಯಜಮಾನರ ಕಲ್ಲಿನ ಪಕ್ಕ ಬಹಳ ಹೊತ್ತು ಕುಳಿತೆ. ಬದುಕಿದ್ದಾಗ ಅವರು ನನ್ನ ಮಾತನ್ನು ಅಷ್ಟು ಹೊತ್ತು ಕೇಳಿದ್ದೇ ಇಲ್ಲ.

ಆದರೆ ಎಳೆಕೂಸಿಗೆ ಕಲ್ಲು ನೆಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ಹೆತ್ತವಳು ಹಿಂದೆ ಹೋಗುವಂತಿಲ್ಲ, ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳುವಂತೆಯೂ ಇಲ್ಲ. ನಿನ್ನ ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದವರು ಯಜಮಾನರೇ. ಸಾಯುವ ಮುಂಚೆ ಒಂದು ಮಾತು ಹೇಳಿದ್ದರು: "ಕಣಗಲೆ ಕಡ್ಡಿ ನೆಟ್ಬುಟ್ಟು ಬಂದೆ ಕಣಮ್ಮಿ. ದನ ಬಾಯಾಕಲ್ಲ, ಉಳ್ಕತದೆ ಅಂತ."

ಉಳಿದಿದೆ, ಇಂದ್ರಾಣಿ. ಪೊದೆ ಸವರಿದಾಗ ನಡುವೆ ಒಂದೇ ಒಂದು ಕಣಗಲೆ, ಆಳೆತ್ತರ, ಮೈತುಂಬ ಹೂವು. ಹೊಸ ಕಾಲುದಾರಿಗೆ ಅಡ್ಡ ಬರುತ್ತದೆಂದು ನಾಗೇಂದ್ರ ಅದನ್ನು ಕಡಿಯಲು ಹೊರಟಿದ್ದ. ನಾನು ಬುಡದಲ್ಲೇ ಕೂತುಬಿಟ್ಟೆ. ಕಲ್ಲಿಲ್ಲ, ಮಣ್ಣಿನ ಗುಡ್ಡೆಯಿಲ್ಲ, ಇಲ್ಲಿ ಮಣ್ಣು ಮಾಡಿದ್ದಾರೆಂದು ಹೇಗೆ ನಂಬುವುದು ಎಂದು ಕೇಳಿದ. "ನಮ್ಮನೆ ಕೂಸು ಮನಿಕಂಡದೆ ಕಣಪ್ಪ. ಎಬ್ಬಿಸ್ಬ್ಯಾಡ" ಎಂದೆ. ಮಚ್ಚು ಕೆಳಗಿಟ್ಟ. ದಾರಿ ಈಗ ಗಿಡವನ್ನು ಬಳಸಿಕೊಂಡು ಹೋಗುತ್ತದೆ.

ಹಿರಿಯರಿಗೆ ಎಡೆಯಿಡುವ ಮಾರ್ಲಮಿ ಹಬ್ಬಕ್ಕೆ ನೀನು ಬರಲೇಬೇಕು. ಇಬ್ಬರೂ ಹೋಗಿ ಹಾಲೆರೆದು ಬರೋಣ. ಹೆತ್ತವಳು ಬರಬಾರದು ಎನ್ನುವವರಿದ್ದರೆ ನನ್ನ ಹತ್ತಿರ ಕಳಿಸು, ನಾನು ನೋಡಿಕೊಳ್ಳುತ್ತೇನೆ. ನೀನು ಅತ್ತಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಅದೇ ನನಗೆ ಸಂಕಟ.

ನಿನ್ನ ದಾರಿ ಕಾಯುವ ಅಕ್ಕ,
ಮಹದೇವಮ್ಮ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ನಾನು ಬುಡದಲ್ಲಿ ಕುಳಿತಿದ್ದಾಗ ಕೆಳಗಿನ ಬೀದಿಯ ದೇವೀರಮ್ಮನೂ ಓಡಿಬಂದು ಪಕ್ಕದಲ್ಲಿ ಕುಳಿತಳು. ಅವಳ ಎಳೆಯ ಮಗಳನ್ನು ಮಣ್ಣು ಮಾಡಿದ ಕಡೆಯೂ ಕಣಗಲೆ ಕಡ್ಡಿಯನ್ನೇ ನೆಟ್ಟಿದ್ದರಂತೆ. ಇರುವುದು ಒಂದೇ ಗಿಡ. "ಇದು ನಿನ್ನದಲ್ಲ" ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನೀನೂ ಅನ್ನಬೇಡ. ಹಾಲು ಸ್ವಲ್ಪ ಜಾಸ್ತಿಯೇ ತಾ.