ಅಣ್ಣನ ಕನ್ನಡಕ ಹಾಕಿಕೊಂಡು ಕೇಳಿದ ಪ್ರಶ್ನೆ

ಆಗಸ್ಟ್ ೯, ಗುರುವಾರ

ನಾಳೆ ಬೇಕರಿಯಲ್ಲಿ ಸಂದರ್ಶನ. ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುವ ಕೆಲಸ. ಹೂವಿನ ಭಯ ನನಗಿಲ್ಲ, ಅತ್ತಿಗೆ ಚೆನ್ನಾಗಿ ಕಲಿಸಿದ್ದಾರೆ. ಭಯವೆಲ್ಲ ಪ್ರಶ್ನೆಗಳದ್ದೇ. ಶಾಲೆ ಯಾಕೆ ಬಿಟ್ಟೆ, ಮದುವೆ ಯಾವಾಗ ಎಂದೆಲ್ಲ ಕೇಳುತ್ತಾರಂತೆ.

ಸಂಜೆ ಅತ್ತಿಗೆ ಅಣ್ಣನ ಕನ್ನಡಕ ಹಾಕಿಕೊಂಡು ಮ್ಯಾನೇಜರ್ ಆದರು.

"ಏನಮ್ಮಾ, ಮದುವೆ ಆದ್ಮೇಲೆ ಕೆಲ್ಸ ಬಿಟ್ಟು ಹೋಗಲ್ವಾ?"

ಮೊದಲು ನಗು ಬಂತು, ಆಮೇಲೆ ಅದೂ ಇದೂ ಎಂದು ತಡವರಿಸಿದೆ. ಎಷ್ಟು ಸಲ ಕೇಳಿದರೂ ಅದೇ ಕಥೆ.

"ಬಾಯಿಗೇನು ಬೀಗ ಹಾಕಿದ್ಯೇನೇ? ತಗೋ, ನೀನೇ ಮ್ಯಾನೇಜರ್ ಆಗು. ನಾನು ಹೆಂಗೆ ಹೇಳ್ತೀನಿ ನೋಡು" ಎಂದು ಕನ್ನಡಕವನ್ನು ನನ್ನ ಮೂಗಿಗೆ ಏರಿಸಿದರು.

ನಾನು ಗತ್ತಿನಿಂದ ಕೇಳಿದೆ. "ಮದುವೆ ಆದೋರಿಗೆ ಕೆಲ್ಸ ಯಾಕಮ್ಮಾ?"

ಅತ್ತಿಗೆ ತಮಾಷೆ ಮಾಡುತ್ತಾರೆ ಅಂದುಕೊಂಡೆ, ಮಾಡಲಿಲ್ಲ.

"ಮನೇಲಿ ಮಾಡಿದ್ದನ್ನ ತಿಂದು ಎದ್ದು ಹೋಗ್ತಾರೆ ಸಾರ್. ಒಂದ್ಸಲನಾದ್ರೂ ಯಾರಾದ್ರೂ, ಇದನ್ನ ಮಾಡ್ದೋರು ಯಾರು ಅಂತ ಕೇಳ್ಬೇಕು."

ತಕ್ಷಣ, "ಹಿಂಗೆ ಹೇಳ್ಬೇಕು, ಗೊತ್ತಾಯ್ತಾ?" ಎಂದು ನಕ್ಕು ಪಾತ್ರೆ ತೊಳೆಯಲು ಹೋದರು. ಆ ಕನ್ನಡಕದಲ್ಲಿ ನನಗೆ ಎಲ್ಲವೂ ಮಸುಕು. ಆದರೂ ಅವರ ಮುಖ ಕಂಡಿತು.

ಸಂದರ್ಶನದ ಕೊನೆಗೆ, ನೀನೇನಾದರೂ ಕೇಳಬೇಕಾ ಎನ್ನುತ್ತಾರಂತೆ. ಇಲ್ಲವೆಂದು ತಲೆಯಾಡಿಸಿ ಎದ್ದುಬರೋಣ ಎಂದಿದ್ದೆ. ಈಗ ಕೇಳಲು ಒಂದಿದೆ. ಸಾರ್, ಇನ್ನೊಬ್ಬರು ಬೇಕಾ? ನನಗೆ ಕಲಿಸಿದವರೇ ಇದ್ದಾರೆ. ಹಾಸಿಗೆಯಲ್ಲಿ ಮೆಲ್ಲಗೆ ಹೇಳಿ ನೋಡಿದೆ, ಒಮ್ಮೆಯೂ ತಡವರಿಸಲಿಲ್ಲ!

ಅತ್ತಿಗೆಗೆ ಈಗಲೇ ಹೇಳಬಾರದು. ಹೇಳಿದರೆ ತಲೆ ಕೆಟ್ಟಿದ್ಯಾ ಅಂತ ಬೈದು, ಆಮೇಲೆ ನನ್ನ ಹಾಗೇ ನಿದ್ದೆ ಬಿಟ್ಟು ಕೂರುತ್ತಾರೆ.