ಎಂಟುಕಾಲಿನವನು ಬಾಗಿಲು ತಟ್ಟಿದ

ಗೆಲ್ಲಾಲಾ, ಜೆರ್ಬಾ ದ್ವೀಪ
ಸೆಪ್ಟೆಂಬರ್ ೧೩, ಭಾನುವಾರ

ಪ್ರೀತಿಯ ಅಜ್ಜನಿಗೆ, ನಿಮ್ಮ ಯಮ್ನಾ ಮಾಡುವ ಸಲಾಮುಗಳು.

ಬಲಗಣ್ಣಿನ ಪಟ್ಟಿ ಬಿಚ್ಚಿದರು ಎಂದು ಮಬ್ರೂಕಾ ಅತ್ತೆ ಹೇಳಿಕಳಿಸಿದರು. ಈಗ ಹೇಗಿದೆ? ಬಿಸಿಲಿಗೆ ನೀರು ಬರುತ್ತದೆಯೇ? ಟ್ಯೂನಿಸ್ಸಿನ ಗಾಳಿ ಎದೆಗೆ ಒಗ್ಗಿತೇ? ಕಟ್ಟಡದ ಲಿಫ್ಟನ್ನು ಇನ್ನೂ ಹತ್ತದೆ ನಾಲ್ಕು ಮಹಡಿ ನಡೆದೇ ಹೋಗುತ್ತೀರಂತೆ, ಮಂಡಿ ನೋವಿಗೆ ಎಣ್ಣೆ ಹಚ್ಚಿಸಿಕೊಳ್ಳಿ. ಫೋನು ಮಾಡೋಣವೆಂದರೆ ಹೋದ ಸಲ ನೀವು "ಯಾರಮ್ಮಾ, ನಮಗೆ ಮೀನು ಬೇಡ" ಎಂದು ಇಟ್ಟುಬಿಟ್ಟಿರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಆರನೇ ತರಗತಿಗೇ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ಕ್ಷಮಿಸಿ. ಇದನ್ನು ಓದಿ ಹೇಳುವುದು ಅತ್ತೆಯ ಮಗಳು ಸೌಸನ್ ಎಂದು ನನಗೆ ಗೊತ್ತು. ಸೌಸನ್, ಅಜ್ಜನ ಎಡಗಿವಿಯ ಕಡೆ ಕೂತು ಓದು, ಬಲಗಿವಿ ಪೂರ್ತಿ ಮುಚ್ಚಿದೆ. ನಡುವೆ ನಗಬೇಡ, ತಮ್ಮನ್ನೇ ನೋಡಿ ನಗುತ್ತಿದ್ದೀಯೆಂದು ಸಿಟ್ಟಾಗುತ್ತಾರೆ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಂಗಳದ ದಾಳಿಂಬೆ ಈ ಸಲ ಕೊಂಬೆ ಬಾಗುವಷ್ಟು ಬಿಟ್ಟಿದೆ. ಕಪ್ಪು ಮೇಕೆ ಎರಡು ಮರಿ ಹಾಕಿತು, ಒಂದಕ್ಕೆ ನಿಮ್ಮದೇ ಗಡ್ಡ. ಅಪ್ಪ ಎಂದಿನಂತೆ ಪಿಕಪ್ ಗಾಡಿಯಲ್ಲಿ ಹೋಟೆಲುಗಳ ಹಾಸು ಹೊದಿಕೆಗಳನ್ನು ಒಗೆಯುವ ಕಡೆಗೆ ಸಾಗಿಸುತ್ತಾರೆ. ನಾನು ಈಗಲೂ ಯಾರಾದರೂ ಮನೆಗೆ ಬಂದರೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತೇನೆ. ನೀವು ನನ್ನನ್ನು ಮಡಕೆಯೊಳಗಿನವಳು ಎಂದು ಕರೆಯುತ್ತಿದ್ದಿರಲ್ಲ, ಇಲ್ಲಿ ಉಳಿದವರು ಯಾರೂ ಹಾಗೆ ಕರೆಯುವುದಿಲ್ಲ. ಬೇಜಾರು.

ಅಜ್ಜ, ನೀವು ಹೋಗಿ ಮೂರು ವರ್ಷವಾಯಿತು. ಕಣ್ಣಿನ ನೆಪ ಹೇಳಿ ಹೋದಿರಿ, ಆದರೆ ಕಾರಣ ಕಣ್ಣಲ್ಲ ಎಂದು ಊರಿಗೆಲ್ಲ ಗೊತ್ತು. ಅರವತ್ತು ವರ್ಷ ನೀವು ಆಕ್ಟೋಪಸ್ ಹಿಡಿಯುವ ಮಡಕೆ ಮಾಡಿದಿರಿ. "ಎರೆ ಬೇಡ, ಗಾಳ ಬೇಡ. ಒಳ್ಳೇ ಮನೆ ತೋರಿಸಿದ್ರೆ ಎಂಟುಕಾಲಿನವನು ತಾನೇ ಬಂದು ಕೂರ್ತಾನೆ" ಎಂದು ಹೇಳುತ್ತಿದ್ದಿರಿ. ನಿಮ್ಮ ಬಾಲ್ಯದ ಗೆಳೆಯ, ದೋಣಿಯ ಬಲ್ಗಾಸಂ ಅಜ್ಜ, ಒಂದು ದಿನ ಲಾರಿ ತುಂಬ ಪ್ಲಾಸ್ಟಿಕ್ ಮಡಕೆ ತಂದು ನಮ್ಮ ಅಂಗಳದ ಮುಂದೆಯೇ ನಿಲ್ಲಿಸಿ, "ಬಿದ್ರೂ ಒಡೆಯಲ್ಲ ಕಣೋ ಸ್ಲೀಮಾನ್, ನೀನಿನ್ನು ಮಲಕ್ಕೋ" ಎಂದು ನಕ್ಕರು. ಅಂದು ಸಂಜೆ ನೀವು ಮಾಡಿಟ್ಟ ಮಡಕೆಗಳನ್ನೆಲ್ಲ ಕೋಲಿನಿಂದ ಒಡೆದಿರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕುಂಬಾರನೂ ನೀವೇ, ದೊಣ್ಣೆಯೂ ನಿಮ್ಮದೇ. ಆಮೇಲೆ ಮಡಕೆ ಮನೆಗೆ ಬೀಗ ಹಾಕಿ, ಕೀಲಿಯನ್ನು ಅಮ್ಮನ ಕೈಗೆ ಕೊಟ್ಟು, "ಎಂಟುಕಾಲಿನವನೇ ಬಂದು ಈ ಬಾಗಿಲು ತಟ್ಟಿ ಕರೀಬೇಕು. ಅಲ್ಲೀವರೆಗೂ ನಾನು ತಿಗರಿ ಮುಟ್ಟಲ್ಲ" ಎಂದು ಆಣೆ ಇಟ್ಟಿರಿ. ಈ ಮಾತನ್ನು ಯಾಕೆ ನೆನಪಿಸುತ್ತಿದ್ದೇನೆಂದರೆ, ಹೋದ ಭಾನುವಾರ ಅವನು ಬಂದಿದ್ದ. ಸೌಸನ್, ಇಲ್ಲಿ ನಿಲ್ಲಿಸು. ಅಜ್ಜನಿಗೆ ಕೇಳಿಸಿತೋ ಇಲ್ಲವೋ ಕೇಳು. ಕೇಳಿಸದಿದ್ದರೆ ಇನ್ನೊಮ್ಮೆ ಓದು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಹೋಟೆಲುಗಳ ತೀರ ಈ ಬೇಸಿಗೆ ಕಣ್ಣಿಂದ ನೋಡುವ ಹಾಗಿರಲಿಲ್ಲ. ಆಗಸ್ಟಿನ ಗಾಳಿ ಬೀಸಿದ ಮೇಲಂತೂ ಮರಳು ಯಾವುದು ಕಸ ಯಾವುದು ತಿಳಿಯುತ್ತಿರಲಿಲ್ಲ. ಒಂದು ಹೋಟೆಲಿನ ತೋಟದ ಮೇಸ್ತ್ರಿ ಮುನ್ಸಿಫ್ ಮೀನುಗಾರರ ಸಂಘಕ್ಕೆ ಬಂದು, ಕಸವೆಲ್ಲ ನಿಮ್ಮದೇ ಎಂದುಬಿಟ್ಟ. "ನಮ್ಮ ಅತಿಥಿಗಳು ಈಜೋಕೆ ಇಳಿದ್ರೆ ಕಾಲಿಗೆ ನಿಮ್ಮ ಹಗ್ಗ ಸುತ್ಕೊಳ್ಳತ್ತೆ" ಎಂದ. ಬಲ್ಗಾಸಂ ಅಜ್ಜ ಬಿಡುತ್ತಾರೆಯೇ? "ನಿಮ್ಮ ಅತಿಥಿಗಳು ಕುಡಿದು ಬಿಸಾಕಿದ ಲೋಟಗಳನ್ನ ನಾನು ದಿನಾ ಬಲೆಯಿಂದ ಬಿಡಿಸ್ತೀನಿ. ಸಮುದ್ರದಲ್ಲಿ ಮೀನಿಗಿಂತ ಹೀರುಗೊಳವೆ ಜಾಸ್ತಿ ಆಗಿದೆ" ಎಂದರು. ಕೊನೆಗೆ ಇಬ್ಬರೂ ಒಪ್ಪಿದ್ದು ಏನೆಂದರೆ, ಭಾನುವಾರ ಎಲ್ಲರೂ ಸೇರಿ ತೀರ ಗುಡಿಸುವುದು, ಪ್ರವಾಸಿಗಳ ಕಸ ಒಂದು ರಾಶಿ, ಮೀನುಗಾರರ ಕಸ ಇನ್ನೊಂದು ರಾಶಿ, ಯಾರದು ದೊಡ್ಡದೋ ಊರೇ ನೋಡಲಿ. ಬಲ್ಗಾಸಂ ಅಜ್ಜ ಎದ್ದು ನಿಂತು, "ನಮ್ಮ ರಾಶಿ ಮೊಣಕಾಲು ಮುಟ್ಟಿದ್ರೆ ಈ ಮೀಸೆ ಬೋಳಿಸ್ತೀನಿ ಕಣ್ರೋ!" ಎಂದು ಎದೆ ತಟ್ಟಿಕೊಂಡರು. ಮದುವೆಯ ದಿನದಿಂದ ಬೆಳೆಸಿದ ಆ ಮೀಸೆ ನಿಮಗೆ ಗೊತ್ತೇ ಇದೆ.

ಊರಿಗೆ ಊರೇ ಹೋಯಿತು. ಹೆಂಗಸರು ಓಲೆಯ ಟೋಪಿ ಹಾಕಿಕೊಂಡು, ಹರಿಸ್ಸಾ ಖಾರ ಸವರಿದ ರೊಟ್ಟಿ ಕಟ್ಟಿಕೊಂಡು, ಕೊಯ್ಲಿಗೆ ಹೊರಟವರ ಹಾಗೆ ಹಾಡುತ್ತ ಅಪ್ಪನ ಪಿಕಪ್ ಹತ್ತಿದರು. ನಾನು ಹೋಗುವುದಿಲ್ಲವೆಂದು ಅಡಗಿದ್ದೆ. ಅಮ್ಮ ಕೈ ಹಿಡಿದು ಎಳೆದು ಕೂರಿಸಿದಳು. ಅಜ್ಜ, ಪ್ರವಾಸಿಗಳ ರಾಶಿಯಲ್ಲಿ ಏನಿಲ್ಲ ಕೇಳಿ! ಲೋಟ, ಬಾಟಲಿ, ಮೈಗೆ ಹಚ್ಚುವ ಎಣ್ಣೆಯ ಡಬ್ಬಿ, ಗಾಳಿ ಹೋದ ಹಳದಿ ಬಾತುಕೋಳಿ, ಚಪ್ಪಲಿಗಳಂತೂ ಎಲ್ಲ ಎಡಗಾಲಿನವೇ. ಬಲಗಾಲಿನವು ಯಾವ ದೇಶಕ್ಕೆ ತೇಲಿ ಹೋದವೋ. ಮಕ್ಕಳು ಸಿಗರೇಟು ತುಂಡುಗಳನ್ನು ಉದುರಿದ ಖರ್ಜೂರ ಹೆಕ್ಕುವಂತೆ ಹೆಕ್ಕಿದರು. ಒಬ್ಬಳು ಜರ್ಮನಿಯ ಅಜ್ಜಿಯೂ ನಮ್ಮ ಜೊತೆ ಬಾಗಿ ಬಾಗಿ ಹೆಕ್ಕಿದಳು, ಅಮ್ಮನ ರೊಟ್ಟಿ ತಿಂದು ಖಾರಕ್ಕೆ ಕಣ್ಣೀರು ಹಾಕಿಕೊಂಡು ಇನ್ನೊಂದು ಕೇಳಿದಳು. ಒಣಗಿದ ಕಡಲ ಹುಲ್ಲನ್ನು ಹೋಟೆಲಿನ ಹುಡುಗರು ಬಾಚಲು ಹೊರಟಾಗ ಬಲ್ಗಾಸಂ ಅಜ್ಜ, "ಅದು ಕಸ ಅಲ್ರಪ್ಪಾ, ಬಿಡಿ! ಅಲೆ ಮರಳನ್ನ ಎಳ್ಕೊಂಡು ಹೋಗ್ದೇ ಇರೋದು ಅದರಿಂದ್ಲೇ" ಎಂದು ಗದರಿದರು. ನಮ್ಮ ಊರವರ ವಿಹಾರದ ಕಸವೂ ಕಡಿಮೆ ಇರಲಿಲ್ಲ ಎಂದು ಹೇಳಿದರೆ ಅಮ್ಮನಿಗೆ ಕೋಪ ಬರುತ್ತದೆ. ಹೋದ ವರ್ಷ ನಾವು ಅಲ್ಲಿ ಊಟ ಮಾಡಿದಾಗ ಕಳೆದುಹೋದ ನಮ್ಮ ನೀಲಿ ಡಬ್ಬಿಯ ಮುಚ್ಚಳ ಅವಳ ಕೈಗೇ ಸಿಕ್ಕಿತು. ಯಾರೂ ನೋಡಲಿಲ್ಲವೆಂದು ತೋಳಿನೊಳಗೆ ಸೇರಿಸಿಕೊಂಡಳು. ನಾನು ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ಮೀನುಗಾರರ ರಾಶಿ ಬೆಳೆಯತೊಡಗಿತು. ಹರಿದ ಬಲೆ, ನೈಲಾನ್ ಹಗ್ಗ, ಆಮೇಲೆ ಮಡಕೆ. ಪ್ಲಾಸ್ಟಿಕ್ ಮಡಕೆ ಅಜ್ಜ! ಬಿದ್ದರೂ ಒಡೆಯದ ಮಡಕೆ! ಹಗ್ಗ ಹರಿದು ಹೋದವು, ಬಿರುಗಾಳಿಗೆ ಸಿಕ್ಕವು, ಮೂರು ವರ್ಷದಿಂದ ಕಡಲು ಒಂದೊಂದಾಗಿ ದಡಕ್ಕೆ ಎಸೆದಿತ್ತು. ಮರಳು ಕೆದಕಿದಷ್ಟೂ ಬರುತ್ತಿದ್ದವು. ರಾಶಿ ಮೊಣಕಾಲು ದಾಟಿತು, ಸೊಂಟ ದಾಟಿತು. ಯಾರದೆಂದು ಗುರುತಿಗೆ ಪ್ರತಿ ದೋಣಿಯವರೂ ಕಂಠಕ್ಕೆ ಬಣ್ಣ ಬಳಿದಿರುತ್ತಾರಲ್ಲ, ಅಲ್ಲಿ ಎಲ್ಲಿ ನೋಡಿದರೂ ಕೆಂಪು ಪಟ್ಟಿ. ಕೆಂಪು ಯಾರದು? ಬಲ್ಗಾಸಂ ಅಜ್ಜನದು. ಮುನ್ಸಿಫ್ ಹೋಗಿ ಹೋಟೆಲಿನ ಕ್ಷೌರಿಕನನ್ನು ಕೈ ಹಿಡಿದು ಕರೆದುಕೊಂಡು ಬಂದ. ಬಲ್ಗಾಸಂ ಅಜ್ಜ ಒಂದು ಗಳಿಗೆ ರಾಶಿಯನ್ನು ನೋಡಿದರು, ಒಂದು ಗಳಿಗೆ ಸಮುದ್ರವನ್ನು ನೋಡಿದರು. ಆಮೇಲೆ ತಮ್ಮದೇ ಒಂದು ಮಡಕೆಯನ್ನು ಬೋರಲು ಹಾಕಿ ಅದರ ಮೇಲೆ ಕೂತು, "ಹೂಂ, ಹಚ್ಚಪ್ಪಾ ಸೋಪು. ಗಂಡಸಿನ ಮಾತು" ಎಂದರು. ಹೆಂಗಸರು ನಾಲಿಗೆ ಹೊರಳಿಸಿ ಹಾಕಿದ ಕೇಕೆ ಟ್ಯೂನಿಸ್ಸಿಗೂ ಕೇಳಿಸಿರಬೇಕು. ಪ್ರವಾಸಿಗಳು ಮದುವೆಯೆಂದು ತಿಳಿದು ಚಪ್ಪಾಳೆ ತಟ್ಟಿದರು.

ನಾನು ನಗು ತಡೆಯಲಾರದೆ, ಯಾರ ಕಣ್ಣಿಗೂ ಬೀಳಬಾರದೆಂದು ತೀರದ ಕೊನೆಯ ಬಂಡೆಗಳ ಕಡೆ ಹೋದೆ. ಅಲ್ಲಿ ಮೊಣಕಾಲುದ್ದ ನೀರು. ಎರಡು ಕೆಂಪು ಪಟ್ಟಿಯ ಮಡಕೆಗಳು ಖಾಲಿ ಬಿದ್ದಿದ್ದವು. ಅವುಗಳ ಪಕ್ಕದಲ್ಲಿ ಚಿಪ್ಪು ಕಟ್ಟಿದ, ಬಾಯಿ ಒಂದಿಷ್ಟು ಮುಕ್ಕಾದ ಮಣ್ಣಿನ ಮಡಕೆ. ಒಳಗಿಂದ ಒಂದು ಕಣ್ಣು ನನ್ನನ್ನು ನೋಡಿತು. ಕಂಠದ ಕೆಳಗೆ ಬೆರಳಾಡಿಸಿದೆ. ನೀವು ಪ್ರತಿ ಮಡಕೆಗೂ ಗುರುತಿಗೆ ಒತ್ತುತ್ತಿದ್ದ ಹೆಬ್ಬೆರಳಿನ ತಗ್ಗು ಸಿಕ್ಕಿತು, ನಡುವೆ ಅಡ್ಡಗೆರೆ. ಅಡ್ಡಗೆರೆ ಬರುವುದು ನಿಮ್ಮ ಹೆಬ್ಬೆರಳಿನ ಹಳೇ ಗಾಯದಿಂದ ಮಾತ್ರ. ಅಜ್ಜ, ನಾನು ಕೂಗಿದೆ. ನಾನು! ಇನ್ನೂರು ಜನರ ಮುಂದೆ! "ನಮ್ಮಜ್ಜನ ಮಡಕೆ! ಮನೇಲಿ ಜನ ಇದ್ದಾರೆ!" ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ, ಅಮ್ಮ ಹೇಳುತ್ತಾಳೆ.

ಬಲ್ಗಾಸಂ ಅಜ್ಜ ಅರ್ಧ ಮೀಸೆಯಲ್ಲೇ ಓಡಿ ಬಂದರು. ನೀರಿಗಿಳಿದು ಮಡಕೆಯನ್ನು ಮುಟ್ಟಿದರು, ಗುರುತು ನೋಡಿದರು. ಆಮೇಲೆ, "ನನ್ನ ಎರಡು ಬಂಗಲೆ ಬಿಟ್ಟು ಆ ಮುದುಕನ ಗುಡಿಸಲಲ್ಲಿ ಕೂತಿದ್ದಾನಲ್ಲೋ ಇವನು" ಎಂದರು. ನಿಮ್ಮ ಆಣೆ ಅವರಿಗೂ ಗೊತ್ತಿತ್ತು. ಬಕೆಟ್ಟಿಗೆ ಕಡಲ ನೀರು ತುಂಬಿಸಿ, ಮಡಕೆ ಸಮೇತ ಅವನನ್ನು ಇಳಿಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಪಿಕಪ್ ಹತ್ತಿ, "ಗೆಲ್ಲಾಲಾಕ್ಕೆ ಬಿಡು, ನಿಧಾನ ಬಿಡು, ಒಳಗೆ ನೆಂಟರಿದ್ದಾರೆ" ಎಂದು ಅಪ್ಪನಿಗೆ ಹೇಳಿದರು. ದಾರಿಯಲ್ಲಿ ಅವನು ಶಾಯಿ ಉಗುಳಿ ಅವರ ಬಿಳಿ ಅಂಗಿಯನ್ನು ಕಪ್ಪು ಮಾಡಿದ. "ಇರಲಿ, ಸಾಕ್ಷಿ ಸಹಿ ಹಾಕಿದ" ಎಂದರು.

ಮಡಕೆ ಮನೆಯ ಹೊಸ್ತಿಲಲ್ಲಿ ಬಕೆಟ್ ಇಟ್ಟರು. ಅಪ್ಪ, ಅಮ್ಮ, ನಾನು, ಹಿಂದೆಯೇ ಸೈಕಲ್ಲಿನಲ್ಲಿ ಬಂದ ಅರ್ಧ ಊರು ಸುತ್ತ ನಿಂತೆವು. ಅವನು ಮೊದಲು ಒಂದು ಕಣ್ಣು ತೋರಿಸಿದ. ಆಮೇಲೆ ಒಂದು ಕೈ ಬಕೆಟ್ಟಿನ ಅಂಚು ದಾಟಿತು, ಗಾಳಿಯಲ್ಲಿ ಹುಡುಕಾಡಿತು, ಬಾಗಿಲಿನ ಹಲಗೆಗೆ ಅಂಟಿಕೊಂಡಿತು. "ನೋಡಿದ್ರಾ! ತಟ್ಟಿದ!" ಎಂದರು ಬಲ್ಗಾಸಂ ಅಜ್ಜ. "ತಟ್ಟಲಿಲ್ಲ, ಸವರಿದ" ಎಂದರು ಅಪ್ಪ. "ನಿನಗೆ ಎಂಟು ಕೈ ಇದ್ದಿದ್ರೆ ನೀನೂ ಸವರೇ ತಟ್ತಿದ್ದೆ, ಸುಮ್ನಿರೋ!" ಎಂದರು ಅವರು. ಅಮ್ಮ ಕೀಲಿ ತಂದು ಬಾಗಿಲು ತೆರೆದಳು. ಒಳಗೆ ನಲವತ್ತು ಹೊಸ ಮಡಕೆ ಒಣಗಿ ಸಾಲಾಗಿ ನಿಂತಿದ್ದವು, ಇನ್ನೂ ಸುಟ್ಟಿರಲಿಲ್ಲ. ಬಲ್ಗಾಸಂ ಅಜ್ಜ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಆಹಾ, ಸ್ಲೀಮಾನನ ಕೈಯಂದ್ರೆ ಕೈ. ಹೋಗೋ ಆತುರದಲ್ಲಿ ಗುರುತು ಒತ್ತೋದನ್ನೇ ಮರ್ತಿದ್ದಾನೆ ಮುದುಕ" ಎಂದರು. ನೀವು ಒಂದನ್ನೂ ಉಳಿಸದೆ ಒಡೆದು ಹೋಗಿದ್ದಿರಿ ಎಂಬುದು ಅವರಿಗೆ ತಿಳಿಯದು. ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ನಲವತ್ತರ ವಿಷಯ ಜಾಗ ಉಳಿದರೆ ಕೊನೆಯಲ್ಲಿ ಬರೆಯುತ್ತೇನೆ.

ಹಿಡಿಯುವ ಕಾಲ ಇನ್ನೂ ತೆರೆದಿಲ್ಲವಾದ್ದರಿಂದ ಸಂಜೆಯೊಳಗೆ ಅವನನ್ನು ಅದೇ ಬಂಡೆಯ ಬಳಿ ಬಿಟ್ಟೆವು. ಮಡಕೆಯನ್ನು ನಿಮಗೆ ಕಳಿಸಬೇಕೆಂದು ಎಷ್ಟು ಓಲೈಸಿದರೂ ಅವನು ಮನೆ ಖಾಲಿ ಮಾಡಲಿಲ್ಲ, ಹಾಗಾಗಿ ಮಡಕೆಯೂ ಹೋಯಿತು. ನೀವು ನಂಬುವುದಿಲ್ಲವೆಂದು ಗೊತ್ತು. ಅದಕ್ಕೇ ಬಾಗಿಲಲ್ಲಿದ್ದಾಗಲೇ ಒಂದು ಹಿಡಿ ಹಸಿ ಮಣ್ಣನ್ನು ನಿಮ್ಮ ಗುರುತಿನ ತಗ್ಗಿಗೆ ಒತ್ತಿ ತೆಗೆದು, ಅಮ್ಮನ ರೊಟ್ಟಿಯ ಒಲೆಯಲ್ಲಿ ಸುಟ್ಟು ಲಕೋಟೆಯಲ್ಲಿ ಇಟ್ಟಿದ್ದೇನೆ. ಆ ಬಿಲ್ಲೆಯನ್ನು ಮುಟ್ಟಿ ನೋಡಿ. ಉಬ್ಬಿದ ಕಡೆ ನಿಮ್ಮ ಹೆಬ್ಬೆರಳು, ನಿಮ್ಮ ಗಾಯದ ಗೆರೆ. ಕಣ್ಣು ಬೇಕಾಗುವುದಿಲ್ಲ.

ಅಕ್ಟೋಬರ್ ಮಧ್ಯದಲ್ಲಿ ಹಿಡಿಯುವ ಕಾಲ ಶುರು. ಬಲ್ಗಾಸಂ ಅಜ್ಜನೂ ಇನ್ನು ನಾಲ್ಕು ದೋಣಿಯವರೂ ಇನ್ನು ಮೇಲೆ ಮಣ್ಣಿನದನ್ನೇ ಇಳಿಸುತ್ತಾರಂತೆ. "ಒಡೆದ್ರೆ ಒಡೀಲಿ, ಮಣ್ಣು ತಾನೇ, ಯಾರ ಮೀಸೆಗೂ ಅಪಾಯ ಇಲ್ಲ" ಎನ್ನುತ್ತಾರೆ. ಮುನ್ನೂರು ಮಡಕೆ ಕೇಳಿದ್ದಾರೆ. ಗೆಲ್ಲಾಲಾದಲ್ಲಿ ಈಗ ಎಲ್ಲರೂ ಪ್ರವಾಸಿಗಳಿಗೆ ಬಣ್ಣದ ತಟ್ಟೆ ಮಾಡುವವರೇ, ಕಡಲ ಮಡಕೆ ಸುಡುವ ಆವಿಗೆ ಹಚ್ಚಲು ನಿಮ್ಮನ್ನು ಬಿಟ್ಟರೆ ಯಾರಿಗೂ ಬರುವುದಿಲ್ಲ. ನೀವು ಬಾರದಿದ್ದರೆ ಅವರು ಮತ್ತೆ ಲಾರಿಗೆ ಹೇಳಿಕಳಿಸಬೇಕಾಗುತ್ತದೆ. ಬಲ್ಗಾಸಂ ಅಜ್ಜ ದಿನಾ ಬಂದು ಹೊಸ್ತಿಲ ಮೇಲೆ ಕೂತು "ಕಾಗದ ಬರೆದ್ಯಾ?" ಎಂದು ಕೇಳುತ್ತಾರೆ. ಉಳಿದರ್ಧ ಮೀಸೆಯನ್ನೂ ಬೋಳಿಸಿಕೊಂಡು ಮನೆಗೆ ಹೋದ ದಿನ ಅವರ ಹೆಂಡತಿಯೇ ಬಾಗಿಲು ತೆರೆದು, ಅಪರಿಚಿತ ಗಂಡಸೆಂದು ಮುಖಕ್ಕೆ ಸೆರಗೆಳೆದು ಒಳಗೆ ಓಡಿದರಂತೆ. ಬಂದು ಆ ಬೋಳು ಮುಖವನ್ನು ಒಮ್ಮೆ ನೋಡಿ ಅಜ್ಜ. ಅದಕ್ಕಾದರೂ ಹೊಸ ಕಣ್ಣು ಸಾರ್ಥಕ.

ಅತ್ತೆಗೆ, ಸೌಸನ್‌ಗೆ ನಮ್ಮೆಲ್ಲರ ಸಲಾಮು. ನಿಮ್ಮ ಕೈಗಳಿಗೆ ನನ್ನ ಮುತ್ತು. ದೇವರು ನಿಮ್ಮ ಕಣ್ಣಿನ ಬೆಳಕು ಕಾಯಲಿ.

ನಿಮ್ಮ ಮಡಕೆಯೊಳಗಿನ
ಯಮ್ನಾ

ಮರೆತದ್ದು: ಟ್ಯೂನಿಸ್ಸಿಗೆ ಹೋಗುವ ಬಸ್ಸಿನವನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ, ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ. ಸೌಸನ್, ಇದನ್ನು ಮೆಲ್ಲಗೆ ಓದು, ಆದರೆ ಅವರಿಗೆ ಕೇಳಿಸಬೇಕು. ಅಜ್ಜ, ಆ ನಲವತ್ತು ಮಡಕೆ ಮಾಡಿದ್ದು ನಾನು. ಚಳಿಗಾಲದಲ್ಲಿ ಅಮ್ಮ ಕೀಲಿ ಕೊಟ್ಟಳು. ಗುಂಡಿಯಲ್ಲಿ ನೀವು ಗೋಣಿ ಮುಚ್ಚಿ ಬಿಟ್ಟಿದ್ದ ಮಣ್ಣು ಇನ್ನೂ ಹಸಿಯಾಗಿತ್ತು. ಗೆಲ್ಲಾಲಾದಲ್ಲಿ ಹೆಣ್ಣುಮಕ್ಕಳು ತಿಗರಿಗೆ ಕೂರುವುದಿಲ್ಲವೆಂದು ಗೊತ್ತು, ಬೈಯುವುದಿದ್ದರೆ ಬಂದೇ ಬೈಯಿರಿ, ಫೋನಿನಲ್ಲಿ ಬೇಡ. ಬಾಗಿಲ ಹಿಂದೆ ನಿಂತು ಹತ್ತು ವರ್ಷ ನಿಮ್ಮ ಕೈ ನೋಡಿದ್ದೇನೆ, ಆದರೆ ಆವಿಗೆ ಹಚ್ಚುವ ದಿನ ನಮ್ಮನ್ನೆಲ್ಲ ಓಡಿಸುತ್ತಿದ್ದಿರಿ, ಅದೊಂದು ನನಗೆ ಬರುವುದಿಲ್ಲ. ಮುನ್ನೂರಕ್ಕೆ ಬಲ್ಗಾಸಂ ಅಜ್ಜ ಕೇಳಿದಾಗ ಹೂಂ ಎಂದವಳೂ ನಾನೇ. ಈಗ ಬಿಲ್ಲೆಯನ್ನು ತಿರುಗಿಸಿ ಹಿಂಬದಿ ಮುಟ್ಟಿ. ಅಲ್ಲಿರುವ ತಗ್ಗು ನನ್ನ ಹೆಬ್ಬೆರಳು. ಮುನ್ನೂರರ ಮೇಲೆ ಯಾರದನ್ನು ಒತ್ತಬೇಕು, ಬಂದು ಹೇಳಿ.